ಬಲಗಡೆ ಅಂಟಿಸಿದ ಸ್ಟಿಯರಿಂಗ್

ಅಜ್ಜಿ ಪೀಣ್ಯದಲ್ಲಿ ಪುಟ್ಟ ಪುಟ್ಟ ಕಾರು ಮಾಡುತ್ತಿದ್ದಳು ಎಂದು ನೀವು ಸ್ನೇಹಿತರಿಗೆ ಹೇಳಿದಾಗಲೆಲ್ಲ ನಾನು ಎದ್ದು ಅಡುಗೆಮನೆಗೆ ಹೋಗಿಬಿಡುತ್ತೇನೆ. ಯಾಕೆ ಎಂದು ಬಾಯಿಬಿಟ್ಟು ಹೇಳುವ ಧೈರ್ಯ ನನಗಿಲ್ಲ, ಮಕ್ಕಳೇ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ತಾತ ಹೋದ ಮರುವರ್ಷ ಆ ಕೆಲಸಕ್ಕೆ ಸೇರಿದೆ. ತಗಡಿನ ಸೂರಿನ ಸಣ್ಣ ಶೆಡ್ಡು. ಷೋಕೇಸಿನಲ್ಲಿ ಇಡುವ ಮಾದರಿ ಗಾಡಿಗಳನ್ನು ಅಲ್ಲಿ ಕೈಯಲ್ಲೇ ಜೋಡಿಸುತ್ತಿದ್ದೆವು. ಮೊದಲೆಲ್ಲ ಆಟೊ, ಲಾರಿ, ಹಳೆಯ ಟ್ಯಾಕ್ಸಿ. ಆಮೇಲೆ ಅಮೆರಿಕದ ಹಳೆಯ ಕಾಲದ ಕಾರೊಂದು ಬಂತು. ಗೇಣುದ್ದ. ಮೂತಿ ಉದ್ದ, ಹಿಂಭಾಗ ಗಿಡ್ಡ, ಕೆಂಪು ಮೈಮೇಲೆ ಎರಡು ಬಿಳಿ ಪಟ್ಟೆ. ಸೂಪರ್‌ವೈಸರ್ ಅದನ್ನು ಮಸಲ್ ಕಾರ್ ಎನ್ನುತ್ತಿದ್ದರು. ನಾವು ಹೆಂಗಸರು ಪೈಲ್ವಾನ್ ಎನ್ನುತ್ತಿದ್ದೆವು.

ನನ್ನ ಮೇಜಿನಲ್ಲಿ ಯಾದಗಿರಿ ಕಡೆಯ ಹೆಂಗಸೊಬ್ಬಳು ಇದ್ದಳು. ಸೇರಿ ತಿಂಗಳಾಗಿತ್ತಷ್ಟೆ. ಗಂಡನದು ಗಾರೆ ಕೆಲಸ, ದಾಸರಹಳ್ಳಿಯಲ್ಲಿ ಬಾಡಿಗೆ ರೂಮು. ಕಾರಿನ ಒಳಗೆ ಸೀಟು, ಮೀಟರಿನ ಸ್ಟಿಕರ್, ಸ್ಟಿಯರಿಂಗ್ ಅಂಟಿಸಿ, ಮೇಲಿನ ಮೈಯನ್ನು ಕೂರಿಸಿ ಮುಚ್ಚುವುದು ನಮ್ಮಿಬ್ಬರ ಕೆಲಸ. ಒಮ್ಮೆ ಮುಚ್ಚಿದರೆ ಒಡೆಯದೆ ತೆರೆಯಲಾಗದು. ಪೈಲ್ವಾನನ ಕೆಲಸ ಶುರುವಾದ ದಿನ ಒಳಗಿನದನ್ನು ನಾನು ಮಾಡಿದೆ, ಅವಳು ಮುಚ್ಚುತ್ತಾ ಬಂದಳು.

ಎರಡನೆಯ ಕಾರಿಗೇ ಅವಳು ಗೋಡೆಗೆ ಅಂಟಿಸಿದ್ದ ಆ ಕಾರಿನ ಚಿತ್ರ ನೋಡಿ, "ಅಕ್ಕಾ, ಅದರಾಗ ಸ್ಟಿಯರಿಂಗ್ ಎಡಕ್ಕ ಐತಲ್ರಿ" ಎಂದಳು.

"ಡ್ರೈವರ್ ಎಲ್ಲಾದ್ರೂ ಎಡಗಡೆ ಕೂರ್ತಾನೇನೇ? ನೀನು ಬಸ್ಸೇ ನೋಡಿಲ್ವಾ?"

"ನಮ್ಮೂರಿಗೆ ಬಸ್ಸು ಬಂದ್ರ ಹಬ್ಬ ಬಿಡ್ರಿ," ಎಂದು ನಕ್ಕಳು. "ಒಂದ್ಸಲ ಸಾರ್‌ನ ಕೇಳೂಣೇನ್ರಿ?"

"ಸುಮ್ನೆ ಮುಚ್ಚು."

ಕನ್ನಡಿಯಲ್ಲಿ ಬಲ ಎಡವಾಗಿ ಕಾಣುವ ಹಾಗೆ, ಚಿತ್ರವನ್ನೂ ತಿರುವುಮುರುವಾಗಿ ಅಚ್ಚು ಹಾಕಿದ್ದಾರೆ ಎಂದುಕೊಂಡಿದ್ದೆ. ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು ನಾನು. ಅಮೆರಿಕದಲ್ಲಿ ಗಾಡಿ ರಸ್ತೆಯ ಬಲಗಡೆ ಓಡುತ್ತದೆ, ಸ್ಟಿಯರಿಂಗ್ ಎಡಕ್ಕಿರುತ್ತದೆ ಎಂದು ತಿಳಿದಿರಲಿಲ್ಲ. ಕೇಳಬಹುದಿತ್ತು. ನನಗೆ ಸಂಕೋಚ. ಅವಳು ಕೇಳಿದರೆ ನನ್ನ ಹಿರಿತನಕ್ಕೆ ಕಡಿಮೆ.

ಮಧ್ಯಾಹ್ನ ಸೂಪರ್‌ವೈಸರ್ ಬಂದು ಒಂದು ಕಾರು ಎತ್ತಿ ಕಿಟಕಿಯೊಳಗೆ ಇಣುಕಿದರು. ಇನ್ನೊಂದು ಎತ್ತಿದರು. ಆಮೇಲೆ ಟ್ರೇಯನ್ನೇ ಮೇಜಿನ ಮೇಲೆ ಕುಕ್ಕಿದರು.

"ಯಾರ್ ಮಾಡಿದ್ದು ಇದು? ಅಮೆರಿಕಾ ಗಾಡಿನ ಸಿಟಿ ಬಸ್ ಮಾಡಿಟ್ಟಿದ್ದೀರಲ್ಲ." ಸುತ್ತಲಿನವರು ನಕ್ಕರು. ಸೂಪರ್‌ವೈಸರ್ ನನ್ನ ಕಡೆ ನೋಡಲೇ ಇಲ್ಲ. "ಹೊಸಬಳು ನೀನೇ ತಾನೇ? ಚಿತ್ರ ಕಾಣಲ್ವಾ ಕಣ್ಣಿಗೆ?"

ಅವಳು ನನ್ನ ಮುಖ ನೋಡಿದಳು. ನಾನು ಅಂಟಿನ ಟ್ಯೂಬಿನ ಮುಚ್ಚಳವನ್ನು ತಿರುಗಿಸುತ್ತಾ ಕುಳಿತೆ. ಆಮೇಲೆ ಅವಳೇ, "ತಪ್ಪಾತ್ರಿ ಸಾರ್," ಎಂದಳು.

ನಾಳೆಯಿಂದ ಬರಬೇಡ ಎಂದರು. ಕೆಲಸ ಹೋದೀತೆಂಬ ಭಯಕ್ಕೆ ನಾನು ಸುಮ್ಮನಿದ್ದೆ ಎಂದರೆ ಅರ್ಧ ನಿಜ. ಅಷ್ಟು ಜನರ ಎದುರು ದಡ್ಡಿ ಎನಿಸಿಕೊಳ್ಳಲು ಮನಸ್ಸಾಗಲಿಲ್ಲ, ಅದೇ ಪೂರ್ತಿ ನಿಜ.

ಎರಡು ಭಾನುವಾರ ತಡೆದು, ಮೂರನೆಯ ಭಾನುವಾರ ಅವಳ ರೂಮು ಹುಡುಕಿಕೊಂಡು ಹೋದೆ. ಕ್ಷಮೆ ಕೇಳಬೇಕೆಂದೇ ಹೋದದ್ದು. ಅವಳು ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. "ಬರ್ರಿ ಅಕ್ಕಾ," ಎಂದು ಚಾಪೆ ಹಾಸಿದಳು. ಬಿಸಿ ರೊಟ್ಟಿ, ಶೇಂಗಾ ಚಟ್ನಿ ಬಡಿಸಿದಳು. ಈಗ ಗಂಡನ ಜೊತೆಯಲ್ಲೇ ಇಟ್ಟಿಗೆ ಹೊರಲು ಹೋಗುತ್ತಿದ್ದಳು. ಬೆರಳುಗಳ ಚರ್ಮ ಸುಲಿದಿತ್ತು.

ಗಂಡ ನನ್ನೆದುರು ಕೈಮುಗಿದು, "ಅಕ್ಕಾರ, ಈಕೀದು ಏನೋ ತಪ್ಪಾಗೇತಿ ಅಂತ. ಕೈ ಮಾತ್ರ ಭಾಳ ಚಲೋ. ನೀವು ಹಿರ್ಯಾರು, ಸಾಹೇಬ್ರಿಗೆ ಒಂದು ಮಾತು ಹೇಳ್ರಿ," ಎಂದ.

ಅವಳು ಅವನಿಗೂ ಹೇಳಿರಲಿಲ್ಲ. ಅವನ ಹಿಂದೆ ನಿಂತು ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕುತ್ತಿದ್ದಳು, ತಲೆ ಎತ್ತಲಿಲ್ಲ.

"ಹೇಳ್ತೀನಪ್ಪ," ಎಂದೆ. ಎರಡನೆಯ ರೊಟ್ಟಿಯನ್ನೂ ತಿಂದು ಎದ್ದು ಬಂದೆ. ಆ ಶೆಡ್ಡಿನಲ್ಲಿ ಇನ್ನೂ ಆರು ವರ್ಷ ದುಡಿದೆ, ಮಕ್ಕಳೇ. ಯಾರಿಗೂ ಹೇಳಲಿಲ್ಲ.