ಮುದ್ದೆ ಕಟ್ಟೆಯ ಮೇಸ್ತ್ರಿ

ಸಿಮೆಂಟು ಕಲಸಿ ಕಲಸಿ ನಮ್ಮ ಮೇಸ್ತ್ರಿಯ ಹೆಬ್ಬೆರಳಿನ ಗೆರೆಗಳೆಲ್ಲ ಸವೆದುಹೋಗಿದ್ದವು. ರೇಷನ್ ಅಂಗಡಿಯ ಯಂತ್ರ ಅವರ ಗುರುತೇ ಹಿಡಿಯುತ್ತಿರಲಿಲ್ಲ. "ನಾನು ನಾನೇ ಅಂತ ಇದಕ್ಕೆ ಯಾರಾದ್ರೂ ಹೇಳ್ರಪ್ಪಾ" ಎಂದು ಕೂಗಿ, ಸಾಲಿನಲ್ಲಿದ್ದವರನ್ನೆಲ್ಲ ನಗಿಸುತ್ತಿದ್ದರು.

ಸುಗಟೂರಿನ ನಮ್ಮ ಮನೆ ಕಟ್ಟಿದವರು ಅವರೇ. ಅಮ್ಮ ಕುಳ್ಳಗೆ. ಅಡುಗೆ ಕಟ್ಟೆ ಎತ್ತರವಾದರೆ ಮುದ್ದೆ ತಿರುವಲು ತೋಳಿಗೆ ಬಲ ಸಿಗುವುದಿಲ್ಲವೆಂದು ಅಮ್ಮನೇ ಹಟ ಹಿಡಿದು, ಕಟ್ಟೆಯ ಒಂದು ತುದಿಯನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸಿ, ಪಾತ್ರೆ ಅಲುಗಾಡದೆ ಕೂರಲು ಕಲ್ಲಿನಲ್ಲೊಂದು ಗುಳಿ ತೋಡಿಸಿದರು. ಅಪ್ಪನ ತಂಗಿ, ಅಂದರೆ ನಮ್ಮತ್ತೆ, ಗೃಹಪ್ರವೇಶಕ್ಕೆ ಬಂದವರು "ಕುಳ್ಳಿಗೊಂದು ಕುಳ್ಳ ಕಟ್ಟೆ" ಎಂದು ಎಲ್ಲರೆದುರು ನಕ್ಕರು. ಆಮೇಲೆ ಕೋಲಾರದಲ್ಲಿ ಮನೆ ಕಟ್ಟಿಸಲು ಹೊರಟಾಗ ಅವರಿಗೂ ಅದೇ ಕಟ್ಟೆ ಬೇಕಾಯಿತು! ಕೆಲಸವನ್ನು ಇದೇ ಮೇಸ್ತ್ರಿಗೆ ಕೊಡುವುದೆಂದಾಯಿತು.

ಬೇರೆಯವರಾಗಿದ್ದರೆ ಸದ್ದಿಲ್ಲದೆ ಕಟ್ಟಿ ಕೈ ತೊಳೆದುಕೊಳ್ಳುತ್ತಿದ್ದರು. ಇವರು ಬಸ್ಸು ಹತ್ತಿ ಬಂದು ಅಮ್ಮನೆದುರು ನಿಂತರು.

"ಕೈ ನಂದು, ಯೋಚ್ನೆ ನಿಮ್ದು ಅಕ್ಕಾ. ನಿಮ್ಮನ್ನ ಕೇಳ್ದೆ ಇನ್ನೊಬ್ರ ಮನೇಲಿ ಕಟ್ಟಿದ್ರೆ ಚೆನ್ನಾಗಿರಲ್ಲ."

ಅಮ್ಮನ ಒಪ್ಪಿಗೆಯನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ಸಿಕ್ಕ ಅಧಿಕಾರವನ್ನು ಅವರು ಸುಮ್ಮನೆ ಬಿಡುತ್ತಾರೆಯೇ?

"ಅವ್ಳಿಗೂ ಬೇಡ, ಇನ್ಯಾರಿಗೂ ಬೇಡ ಮೇಸ್ತ್ರಿ."

"ಪರವಾಲೇದು ಅಕ್ಕಾ, ಬೇಡ ಅಂದ್ರೆ ಬೇಡ" ಎಂದವರೇ ಕಾಫಿ ಕುಡಿದು ಹೊರಟರು. ಅತ್ತೆ ಸಿಟ್ಟಾಗಿ ಕೆಲಸವನ್ನು ಬೇರೆಯವರಿಗೆ ಕೊಟ್ಟರು. ಆಮೇಲೂ ಮೇಸ್ತ್ರಿ ನಮ್ಮ ಮನೆಯ ತಾರಸಿ ಸೋರಿದಾಗಲೆಲ್ಲ ಕರೆದ ಕೂಡಲೇ ಬರುತ್ತಿದ್ದರು. ಆ ಮಾತನ್ನು ಮತ್ತೆ ಎತ್ತಲೇ ಇಲ್ಲ. ಅಷ್ಟು ಮೆತ್ತಗಿನ ಮನುಷ್ಯ. ನನಗಂತೂ ಅವರೆಂದರೆ ಪ್ರಾಣ.

ಹೋದ ವರ್ಷ ಅವರು ತೀರಿಕೊಂಡರು. ತಿಥಿಗೆ ಹೋಗಲಾಗದ ನಾನು ಮತ್ತು ಅಮ್ಮ ಆಮೇಲೊಂದು ದಿನ ಮುಳಬಾಗಿಲಿನ ಅವರ ಮನೆಗೆ ಹೋದೆವು. ಅವರ ಹೆಂಡತಿ ಅಡುಗೆಮನೆಯ ನೆಲದಲ್ಲಿ ಕೂತು, ಬಿಸಿ ಪಾತ್ರೆಗೆ ಬಟ್ಟೆ ಸುತ್ತಿ ಪಾದಗಳಿಂದ ಒತ್ತಿಹಿಡಿದು ಮುದ್ದೆ ತಿರುವುತ್ತಿದ್ದರು. ಪಕ್ಕದಲ್ಲಿ ಎಲ್ಲರ ಮನೆಯಲ್ಲಿರುವಂಥದೇ ಎತ್ತರದ ಕಟ್ಟೆ.

"ಮನೇಲೇ ಮೇಸ್ತ್ರಿ ಇದ್ರಲ್ಲಮ್ಮಾ, ನಮ್ಮನೇಲಿರೋ ಥರ ಕಟ್ಟಿಸ್ಕೊಬಾರ್ದಿತ್ತಾ?" ಎಂದರು ಅಮ್ಮ.

"ಕೇಳ್ದೆ ಅಕ್ಕಾ. 'ಆ ಅಕ್ಕ ಯಾರಿಗೂ ಬೇಡ ಅಂದವ್ರೆ, ಯಾರಿಗೂ ಅಂದ್ರೆ ನಿಂಗೂ ಸೇರಿ ಕಣೇ' ಅಂದ್ಬಿಟ್ರು."

ಆ ಮಾತಿನಲ್ಲಿ ಒಂದಿಷ್ಟೂ ದೂರು ಇರಲಿಲ್ಲ. ಅಮ್ಮ ಆಕೆಯ ಕೈಯಿಂದ ಕೋಲು ತೆಗೆದುಕೊಂಡು, ನೆಲದ ಮೇಲೆ ಕೂತು, ತಾವೇ ಮುದ್ದೆ ತಿರುವತೊಡಗಿದರು.