ಅಜ್ಜಿಯ ಜೀವಕೋಶಗಳ ಊಟ

ಮೊಮ್ಮಗಳ ಸ್ನಾಯುರೋಗದ ಮೂಲ ಹುಡುಕಲು ನಮ್ಮ ಪ್ರಯೋಗಾಲಯಕ್ಕೆ ಅಜ್ಜಿಯ ರಕ್ತವೂ ಬೇಕಿತ್ತು. ಅದಕ್ಕೇ ಮುಳಗುಂದದ ಅವರ ಮನೆಗೆ ಹೋಗಿದ್ದೆ. ಹಣೆತುಂಬ ವಿಭೂತಿ ಹಚ್ಚಿದ್ದ ಅಜ್ಜಿ ಸೂಜಿಯನ್ನಲ್ಲ, ನನ್ನನ್ನೇ ದಿಟ್ಟಿಸುತ್ತಿದ್ದರು.

“ಒಯ್ದು ಏನ್ ಮಾಡ್ತೀರಿ?”

“ಇದರೊಳಗಿನ ಜೀವಕೋಶ ಬೆಳಸಿ, ಔಷಧ ಹಾಕಿ ನೋಡ್ತೀವ್ರಿ.”

“ಅಂದ್ರ ಜೀವಂತ ಇರ್ತಾವು. ಉಣ್ಣಾಕ ಏನ್ ಹಾಕ್ತೀರಿ?”

ಇಷ್ಟು ವರ್ಷ ಯಾರೂ ಇದನ್ನು ಕೇಳಿರಲಿಲ್ಲ.

“ಸಕ್ಕರಿ, ಉಪ್ಪು…”

“ಮತ್ತ?”

“ಆಕಳ ಕರುವಿನ ರಕ್ತದಿಂದ ತಗದ ತಿಳಿನೀರ್ರಿ.”

ಅಜ್ಜಿ ಕೈ ಎಳೆದುಕೊಂಡರು. ಗೋಡೆ ಹಿಡಿದು ನಡೆಯುತ್ತಿದ್ದ ಮೊಮ್ಮಗಳತ್ತ ಒಮ್ಮೆ ನೋಡಿ, ಮತ್ತೆ ತೋಳು ಚಾಚಿದರು.

“ತಗೋರಿ. ಆದ್ರ ಅದನ್ನ ಉಂಡಮ್ಯಾಲ ಅವು ನನ್ನವಲ್ಲ. ಹೊಳ್ಳಿ ಈ ಮನಿಗೆ ತರಬ್ಯಾಡ್ರಿ.”

ಒಪ್ಪಿಗೆ ಪತ್ರದಲ್ಲಿ ಆ ಷರತ್ತಿಗೆ ಜಾಗವಿರಲಿಲ್ಲ. ನಾನು ಅಂಚಿನಲ್ಲಿ ಬರೆದು, ಎರಡು ಸಲ ಓದಿ ಹೇಳಿದ ಮೇಲೆಯೇ ಅಜ್ಜಿ ಹೆಬ್ಬೆಟ್ಟು ಒತ್ತಿದರು.