ಎಲೆ ಮಡಿಚುವಷ್ಟು ಹೊತ್ತು

2000ನೇ ಇಸವಿ ಜನವರಿಯ ಮೂರನೇ ಶನಿವಾರ ಬೆಳಿಗ್ಗೆ, ಹುಣಸೂರಿನ ಒಂದು ಕಲ್ಯಾಣ ಮಂಟಪದಲ್ಲಿ, ಮೊಳದುದ್ದದ ಮಾದರಿ ರೈಲೊಂದು ಅಂಗೈಯಗಲದ ಎತ್ತಿನಗಾಡಿಗೆ ಹನ್ನೊಂದು ಸಲ ಡಿಕ್ಕಿ ಹೊಡೆಯಿತು. ಓಡಿಸಿದ್ದು ಹನ್ನೆರಡು ಸಲ. ಒಂದು ಸಲ ಗಾಡಿ ದಾಟಿಕೊಂಡಿತು. ಎಣಿಸಿದವನು ನಾನು. ನೋಟ್‌ಬುಕ್ಕಿನ ಆ ಹಾಳೆ ಇನ್ನೂ ನನ್ನ ಬಳಿ ಇದೆ.

ಆಗ ನಾನು ಮೈಸೂರಿನ ಒಂದು ದಿನಪತ್ರಿಕೆಗೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಸುದ್ದಿ ಕಳಿಸುತ್ತಿದ್ದೆ. ಹೊಗೆಸೊಪ್ಪಿನ ಹರಾಜು, ಆನೆ ದಾಳಿ, ನಾಲೆಗೆ ನೀರು ಬಿಟ್ಟದ್ದು, ಬಿಡದಿದ್ದದ್ದು. ಮಾದರಿ ರೈಲು ಕಟ್ಟುವವರ ಸಂಘವೊಂದು ಹುಣಸೂರಿನಲ್ಲಿದೆ ಎಂದು ತಿಳಿದದ್ದು ಅದರ ಕಾರ್ಯದರ್ಶಿ ಕರಪತ್ರ ಹಿಡಿದು ಮನೆಗೆ ಬಂದಾಗ. ಅವರಿಗೆ ಬಸ್ ನಿಲ್ದಾಣದ ಹಿಂದೆ ಪಂಪ್‌ಸೆಟ್ ಮೋಟರು ರಿಪೇರಿ ಮಾಡುವ ಅಂಗಡಿ ಇತ್ತು.

"ಹುಣಸೂರಿಗೂ ರೈಲಿಗೂ ಏನ್ ಸಂಬಂಧ?" ಎಂದು ಕೇಳಿದ್ದೆ.

"ಇಲ್ಲದೆ ಇರೋದಕ್ಕೇ ಸಾರ್ ನಾವು ಮಾಡ್ಕೊಳ್ಳೋದು. ಮನೇಲಿ ಹಸು ಇದ್ದೋರು ಹಸು ಬೊಂಬೆ ಮಾಡ್ತಾರಾ?"

ಪ್ರದರ್ಶನ ಭಾನುವಾರ. ಅದೇ ದಿನ ಬೆಳಿಗ್ಗೆ ಪತ್ರಿಕೆಯಲ್ಲಿ ಬರಬೇಕಾದರೆ ಶನಿವಾರ ಮುಂಚಿತವಾಗಿ ನೋಡಿ, ಮಧ್ಯಾಹ್ನ ಎರಡರೊಳಗೆ ಫ್ಯಾಕ್ಸ್ ಮಾಡಬೇಕಿತ್ತು. ಒಂಬತ್ತೂವರೆಗೆ ಮಂಟಪಕ್ಕೆ ಹೋದೆ. ಊಟದ ಹಾಲಿನ ಉದ್ದನೆಯ ಮೇಜುಗಳನ್ನು ಜೋಡಿಸಿ ನಾಲ್ಕು ಕಡೆ ಹಳಿ ಹಾಸಿದ್ದರು. ಹಳಿಗೆ ಹಿತ್ತಾಳೆ ಪಟ್ಟಿ, ಬೋಗಿಗೆ ಪ್ಲೈವುಡ್ಡು, ಇಂಜಿನ್ನಿಗೆ ಆಟಿಕೆ ಕಾರಿನ ಮೋಟರು. ಅಂಗಡಿಯಿಂದ ಕೊಂಡು ತಂದ ರೈಲು ಒಂದೂ ಇರಲಿಲ್ಲ.

ಪಿರಿಯಾಪಟ್ಟಣದ ಮೇಷ್ಟ್ರೊಬ್ಬರು ತಮ್ಮೂರಿನ ರೈಲು ನಿಲ್ದಾಣವನ್ನು ಕಟ್ಟಿದ್ದರು. ಪಿರಿಯಾಪಟ್ಟಣದಲ್ಲಿ ರೈಲು ನಿಲ್ದಾಣವಿಲ್ಲ. ಅವರು ಟಿಕೆಟ್ ಕಿಟಕಿ, ಕುಡಿಯುವ ನೀರಿನ ನಲ್ಲಿ, ಬೆಂಚಿನ ಮೇಲೆ ಮಲಗಿದ ನಾಯಿ, ಎಲ್ಲವನ್ನೂ ಮಾಡಿದ್ದರು. ಎಚ್.ಡಿ. ಕೋಟೆಯ ಬಡಗಿಯೊಬ್ಬರ ಮೇಜಿನ ಮೇಲೆ ಕಾಡು. ಹಳಿಯ ಮೇಲೆ ಅಡ್ಡ ನಿಂತ ಆನೆ ಇಂಜಿನ್ನಿಗಿಂತ ದೊಡ್ಡದಾಗಿತ್ತು. ಅಳತೆ ತಪ್ಪಲ್ಲವೆ ಎಂದೆ. "ನಮ್ ಕಡೆ ಬಂದು ನೋಡಿ ಸ್ವಾಮಿ, ಅದು ಎದುರಿಗೆ ನಿಂತಾಗ ಅಷ್ಟೇ ದಪ್ಪ ಕಾಣೋದು" ಅಂದರು. ಮೂರನೆಯದು ಕಾರ್ಯದರ್ಶಿಯವರದ್ದು. ಸುರಂಗ, ಬೆಟ್ಟ, ಬಣ್ಣದ ದೀಪ.

ನಾಲ್ಕನೆಯ ಮೇಜು ಕಿಟಕಿಯ ಪಕ್ಕದಲ್ಲಿತ್ತು. ಅದರ ಮೇಲೆ ಬೆಟ್ಟವೂ ಇಲ್ಲ, ಸ್ಟೇಷನ್ನೂ ಇಲ್ಲ. ಒಂದು ಹೊಳೆ, ಹೊಳೆಗೆ ಸೇತುವೆ, ತಿರುವು ತೆಗೆದುಕೊಂಡು ಬರುವ ಹಳಿ, ಎರಡೂ ಕಡೆ ಜೋಳದ ಒಣಗರಿಯ ರವದಿಯಲ್ಲಿ ಮಾಡಿದ ಕಬ್ಬಿನ ಗದ್ದೆ, ಹಳಿಯನ್ನು ದಾಟುವ ಒಂದು ಗಾಡಿದಾರಿ. ಗೇಟಿಲ್ಲ.

ಅದನ್ನು ಮಾಡಿದವರು ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ ನಿವೃತ್ತರಾದವರು. ದಿನಾ ಹಳಿಯುದ್ದಕ್ಕೂ ನಡೆದು, ಸುತ್ತಿಗೆಯಿಂದ ಬಡಿದು, ಸಡಿಲವಾದದ್ದನ್ನು ಬಿಗಿ ಮಾಡುವ ಕೆಲಸ. ಮೂವತ್ತು ವರ್ಷ ಹಾಗೆ ಬಡಿದು ಎಡಗಿವಿ ಹೋಗಿತ್ತು. ಮಾತಾಡಿಸಿದರೆ ಬಲಗಿವಿಯನ್ನು ಈಚೆಗೆ ತಿರುಗಿಸುತ್ತಿದ್ದರು. ಕೆ.ಆರ್. ನಗರ ಬಿಟ್ಟು ಹಾಸನದ ಕಡೆಗೆ ಹೋಗುವ ಹಳಿಯ ಪಕ್ಕದಲ್ಲೇ ಅವರ ಊರು. ಮೇಜಿನ ಮೇಲೆ ಇದ್ದದ್ದು ಆ ಊರಿನ ದಾಟು.

"ಗಾಡಿ ಯಾರದು?" ಎಂದೆ. ಗಾಡಿಯ ಮುಂದೆ ನೊಗಕ್ಕೆ ಚಾಚಿದ ಮರದ, ಮೂಕಿಯ, ಮೇಲೆ ಕೆಂಪು ರುಮಾಲಿನ ಮನುಷ್ಯನೊಬ್ಬ ಕೂತಿದ್ದ.

"ನಮ್ ತಮ್ಮ ಸ್ವಾಮಿ. ದಿನಾ ಬೆಳಿಗ್ಗೆ ಕಬ್ಬು ತುಂಬ್ಕಂಡು ಮಿರ್ಲೆ ಕಡೆ ಆಲೆಮನೆಗೆ ಓಯ್ತಾನೆ. ಇಲ್ಲೇ ದಾಟಬೇಕು. ರೈಲೂ ಆಗ್ಲೇ ಬರೋದು."

ಆ ಊರಿನವರ ಪದ್ಧತಿಯನ್ನು ಅವರು ಹೇಳಿದರು. ಹೊಳೆ ಸೇತುವೆಯ ಮೇಲೆ ರೈಲು ಸೀಟಿ ಹಾಕುತ್ತದೆ. ಸೀಟಿಗೆ ಎತ್ತುಗಳು ಬೆದರುತ್ತವೆ. ಗಾಡಿಯನ್ನು ಹಳಿಯ ಈಚೆ ನಿಲ್ಲಿಸಿ, ಒಂದು ವೀಳ್ಯದೆಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಮಡಿಚಿ ಬಾಯಿಗೆ ಹಾಕಿಕೊಳ್ಳುವಷ್ಟು ಹೊತ್ತು ಬಿಟ್ಟರೆ ಎತ್ತುಗಳು ಸಮಾಧಾನವಾಗುತ್ತವೆ. ಆಗ ಹೊಡೆಯಬೇಕು. ರೈಲು ಹೋಗಲಿ ಎಂದು ಕಾದರೆ, ಕಣ್ಣೆದುರೇ ರೈಲು ನೋಡಿದ ಎತ್ತು ಅರ್ಧ ಗಂಟೆ ಹಳಿ ಮೆಟ್ಟುವುದಿಲ್ಲ. ಅವರ ತಾತನ ಕಾಲದಿಂದ ಹೀಗೇ. ಎಲೆ ಅಡಿಕೆ ಹಾಕಿಕೊಂಡು ದಾಟಿದವರು ಯಾರೂ ಸತ್ತಿರಲಿಲ್ಲ.

"ಅಳೇ ರೈಲ್ಗೆ ಅದು ಸರಿ ಸ್ವಾಮಿ. ಈಗ ಅಳಿ ಅಗಲ ಆಗದೆ. ರೈಲು ಜೋರಾಗಿ ಬತ್ತದೆ. ಎಲೆ ಮಾತ್ರ ಅದೇ ಎಲೆ."

ಅವರು ಡ್ಯೂಟಿಯ ಕೈಗಡಿಯಾರ ಹಿಡಿದು ಒಂದು ತಿಂಗಳು ಲೆಕ್ಕ ಹಾಕಿದ್ದರು. ತಮ್ಮನಿಗೆ ಎಲೆ ಮಡಿಚಿ ಬಾಯಿಗಿಡಲು ನಲವತ್ತು ಸೆಕೆಂಡು. ಕಬ್ಬು ತುಂಬಿದ ಗಾಡಿ ಹಳಿ ದಾಟಲು ಇಪ್ಪತ್ತು. ಹಳಿ ಕಿರಿದಾಗಿದ್ದ ಮೀಟರ್ ಗೇಜಿನ ಕಾಲದಲ್ಲಿ ಸೀಟಿಯಾದ ತೊಂಬತ್ತು ಸೆಕೆಂಡಿಗೆ ರೈಲು ದಾಟಿಗೆ ಬರುತ್ತಿತ್ತು. ಈಗ ಐವತ್ತೈದಕ್ಕೆ ಬರುತ್ತದೆ.

ನಾನು ಕೂಡಿ ನೋಡಿದೆ. ನಲವತ್ತು ಮತ್ತು ಇಪ್ಪತ್ತು.

"ತಮ್ಮನಿಗೆ ಹೇಳಿದಿರಾ?"

"ಯೋಳ್ದೆ. 'ನೀನು ರೈಲಿನ ಉಪ್ಪು ತಿಂದೋನು, ನಿಂಗೆ ರೈಲೇ ದೊಡ್ದು' ಅಂತಾನೆ. ದಿನಾ ಕೂದಲೆಳೆಯಷ್ಟರಲ್ಲಿ ದಾಟ್ಕತಾ ಅವ್ನೆ. ಒಂದಿನ ರೈಲು ಲೇಟು, ಒಂದಿನ ಎತ್ತು ಚುರುಕು. ಬಾಯಲ್ಲಿ ಯೋಳುದ್ರೆ ಕೇಳಾಕಿಲ್ಲ, ಕಣ್ಣಲ್ಲಾರೂ ನೋಡ್ಲಿ ಅಂತ ಇದ್ನ ಮಾಡಿವ್ನಿ. ನಾಳೆ ಊರೋರ್ನೂ ಕಟ್ಕಂಡು ಬತ್ತಾನೆ."

ಮಾದರಿಯನ್ನು ಓಡಿಸಿ ತೋರಿಸಿದರು. ರೈಲು ಸೇತುವೆ ಮೆಟ್ಟಿದ ಕೂಡಲೇ ಒಂದು ಗಂಟೆ ಬಡಿಯುತ್ತದೆ. ಸೀಟಿಯ ಬದಲಿಗೆ ಅದು. ಎಲೆ ಮಡಿಚುವ ಹೊತ್ತು ಕಳೆದ ಮೇಲೆ ಗಾಡಿ ಹೊರಡುತ್ತದೆ. ಗಾಡಿಗೆ ಕಟ್ಟಿದ ದಾರವನ್ನು ಮೇಜಿನ ಕೆಳಗಿಂದ ಎಳೆಯುತ್ತಿದ್ದದ್ದು ಒಂದು ಹಳೆಯ ಕೀಲಿ ಗಡಿಯಾರದ ಯಂತ್ರ. ನಿಜವಾದ ಸೆಕೆಂಡುಗಳನ್ನು ಅವರು ಹತ್ತರಲ್ಲಿ ಒಂದಾಗಿ ಇಳಿಸಿದ್ದರು. ಗಂಟೆ, ಸ್ವಲ್ಪ ಹೊತ್ತು ಏನೂ ಇಲ್ಲ, ಆಮೇಲೆ ಗಾಡಿ. ಮೂಕಿ, ಎತ್ತು, ಗಾಡಿಯ ಮುಂಭಾಗ ಹಳಿ ದಾಟಿದವು. ಹಿಂಭಾಗಕ್ಕೆ ಇಂಜಿನ್ ಬಡಿಯಿತು. ಗಾಡಿ ರವದಿಯ ಕಬ್ಬಿನೊಳಗೆ ಬಿತ್ತು. ಕೆಂಪು ರುಮಾಲಿನ ಮನುಷ್ಯ ಕವುಚಿಕೊಂಡ.

ಅವರು ಅವನನ್ನು ಎತ್ತಿ, ಒರೆಸಿ, ಮತ್ತೆ ಮೂಕಿಯ ಮೇಲೆ ಕೂರಿಸಿದರು.

ಎರಡನೇ ಸಲವೂ ಹಾಗೇ. ಮೂರನೇ ಸಲವೂ. ಅಷ್ಟರಲ್ಲಿ ಪಿರಿಯಾಪಟ್ಟಣದ ಮೇಷ್ಟ್ರು, ಬಡಗಿ ಇಬ್ಬರೂ ಬಂದು ಪಕ್ಕದಲ್ಲಿ ನಿಂತರು. ಎಂಟನೇ ಸಲ ಹಾಲಿನ ಟ್ಯೂಬ್‌ಲೈಟುಗಳು ಒಮ್ಮೆ ಮಂಕಾದವು. ರೈಲು ತಿರುವಿನಲ್ಲಿ ತಡವರಿಸಿತು. ಗಾಡಿ ಪೂರ್ತಿ ದಾಟಿದ ಮೇಲೆ ರೈಲು ಬಂತು.

"ಇದು ಲೆಕ್ಕಕ್ಕಿಲ್ಲ" ಎಂದರು ಗ್ಯಾಂಗ್‌ಮನ್. "ಕರೆಂಟ್ ಬಿತ್ತು. ರೈಲ್ಗೆ ಕರೆಂಟ್ ಬೇಕು, ಗಡಿಯಾರಕ್ಕೆ ಬೇಡ."

ಕಾರ್ಯದರ್ಶಿಯನ್ನು ಕರೆದು, ನಾಳೆ ಈ ಮೇಜಿಗೆ ಒಂದು ಸ್ಟೆಬಿಲೈಸರ್ ಬೇಕೇ ಬೇಕು ಎಂದರು. ಅಂಗಡಿಯಲ್ಲಿ ಒಂದಿದೆ, ತರುತ್ತೇನೆ ಎಂದು ಕಾರ್ಯದರ್ಶಿ ಒಪ್ಪಿದರು. ಆಮೇಲೆ ಕಾರ್ಯದರ್ಶಿ ನನ್ನನ್ನು ಬಾಗಿಲ ಬಳಿಗೆ ಕರೆದೊಯ್ದರು.

"ಸಾರ್, ಇದನ್ನ ಪೇಪರಲ್ಲಿ ಹಾಕ್ಬೇಡಿ. ಮಕ್ಕಳು ಮರಿ ಬರ್ತಾರೆ. ಶುಭಕಾರ್ಯ ಮಾಡೋ ಮಂಟಪದಲ್ಲಿ ಗಾಡಿ ಬೀಳೋದು, ಮನುಷ್ಯ ಬೀಳೋದು, ಒಂದ್ ಥರ ಅಪಶಕುನ ಅಲ್ವಾ?"

ಡೆಸ್ಕಿನವರು ಕೇಳಿದ್ದು ಇಪ್ಪತ್ತು ಸಾಲು. ಇಲ್ಲದ ನಿಲ್ದಾಣ, ಇಂಜಿನ್ನಿಗಿಂತ ದೊಡ್ಡ ಆನೆ, ಬಣ್ಣದ ದೀಪದ ಸುರಂಗ, ಇವಕ್ಕೆ ಹದಿನಾರು ಸಾಲು ಹೋಯಿತು. ನಾಲ್ಕನೆಯ ಮೇಜಿನ ಬಗ್ಗೆ ಬರೆದ ವಾಕ್ಯ ಇದು: "ಹಳ್ಳಿಯ ದಾಟಿನಲ್ಲಿ ಎತ್ತಿನಗಾಡಿ ಮತ್ತು ರೈಲು ಚಲಿಸುವ ದೃಶ್ಯ ಗಮನ ಸೆಳೆಯುತ್ತದೆ." ಒಂದೂ ಮುಕ್ಕಾಲಿಗೆ ಫ್ಯಾಕ್ಸ್ ಹೋಯಿತು. ಒಂದಕ್ಷರವೂ ತಿದ್ದದೆ ಭಾನುವಾರ ಅಚ್ಚಾಯಿತು.

ಭಾನುವಾರ ಹನ್ನೊಂದಕ್ಕೆ ಉದ್ಘಾಟನೆ. ಅದೇ ಹೊತ್ತಿಗೆ ಸುತ್ತಲಿನ ಹಳ್ಳಿಗಳಿಗೆ ತ್ರೀಫೇಸ್ ಕರೆಂಟು ಬಿಟ್ಟಿದ್ದರು. ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡುವ ಸಮಯ. ಮಂಟಪದ ಕಂಬಗಳಿಗೆ ಸೀರಿಯಲ್ ಸೆಟ್ ಸುತ್ತಿದ್ದರು. ವೋಲ್ಟೇಜ್ ಇಳಿದು ಫ್ಯಾನುಗಳ ರೆಕ್ಕೆ ಎಣಿಸಬಹುದಿತ್ತು. ಸ್ಟೆಬಿಲೈಸರ್ ಬಂದಿತ್ತು. ಅದನ್ನು ಮೈಕಿಗೆ ಕೊಟ್ಟಿದ್ದರು. ಮುಖ್ಯ ಅತಿಥಿಗಳ ಮಾತಿನ ನಡುವೆ ಮೈಕು ಕೈಕೊಡಬಾರದೆಂದು ಕಾರ್ಯದರ್ಶಿ ಹೇಳಿದರು. ಭಾಷಣ ಮುಗಿದ ಮೇಲೆ ಕೊಡುತ್ತೇನೆ ಎಂದೂ ಹೇಳಿದರು.

ಭಾಷಣ ಮುಗಿಯುವ ಮೊದಲೇ ತಮ್ಮ ಬಂದರು. ಕೆ.ಆರ್. ನಗರದ ಬಸ್ಸಿಳಿದು ಎಂಟು ಹತ್ತು ಜನ. ತಮ್ಮನ ತಲೆಗೆ ನಿಜವಾಗಿಯೂ ಕೆಂಪು ರುಮಾಲಿತ್ತು. ಗಾಡಿಯ ಮೇಲಿನ ಗೊಂಬೆಯನ್ನು ನೋಡಿ ಜೊತೆಗಿದ್ದವರು ನಕ್ಕರು.

"ನೋಡ್ಲಾ, ನಿನ್ನೇ ಕೂರ್ಸವ್ನೆ. ಮೂಗೊಂದ್ ಸಣ್ಣಕಾಯ್ತು."

"ಲೇ, ಬಾಯಲ್ಲಿ ಎಲೆ ಐತಾ ನೋಡ್ರಲಾ."

"ಓಡ್ಸಣ್ಣಯ್ಯ, ಬಸ್ಸು ಒಂದೂವರೆಗೆ ಅದೆ" ಎಂದರು ತಮ್ಮ.

"ತಡಿ, ಸ್ಟೆಬಿಲೈಸರ್ ಬರ್ಲಿ."

"ಅದ್ಯಾವನು? ಅವನ್ ಬರಗಂಟ ನಾವು ಕಾಯ್ಬೇಕಾ?"

ಮತ್ತೆ ನಗೆ. ಅಣ್ಣ ವೇದಿಕೆಯ ಕಡೆ ಎರಡು ಸಲ ನೋಡಿದರು. ಭಾಷಣ ನಡೆದೇ ಇತ್ತು. ಸ್ವಿಚ್ ಒತ್ತಿದರು.

ಗಂಟೆ ಬಡಿಯಿತು. ಸ್ವಲ್ಪ ಹೊತ್ತು. ಗಾಡಿ ಹೊರಟಿತು, ಹಳಿ ಮೆಟ್ಟಿತು, ದಾಟಿತು. ರೈಲು ಇನ್ನೂ ತಿರುವಿನಲ್ಲಿತ್ತು. ಊರಿನವರು ಚಪ್ಪಾಳೆ ತಟ್ಟಿದರು. ಮತ್ತೆ ಓಡಿಸಿದರು. ಮತ್ತೆ ದಾಟಿತು. ಮೂರನೇ ಸಲ ಗಾಡಿ ದಾಟಿ ಆಚೆ ಬದಿಯ ಮೊಳೆಗೆ ತಾಗಿ ನಿಂತ ಮೇಲೆ ರೈಲು ತೆವಳಿಕೊಂಡು ಬಂತು.

"ನಿನ್ ಗಾಡೀನೇ ದಾಟ್ಕತದೆ, ನನ್ ಗಾಡಿ ದಾಟಾಕಿಲ್ವಾ?" ಎಂದರು ತಮ್ಮ.

"ಕರೆಂಟ್ ಕಮ್ಮಿ ಕಣ್ಲಾ! ರೈಲು ನಿಧಾನಕ್ಕೆ ಬತ್ತಾ ಅದೆ. ನಿನ್ನೆ ಹನ್ನೊಂದು ಸಲ ಒಡೀತು, ಇವರ್ನ ಕೇಳು."

ತಮ್ಮ ನನ್ನನ್ನು ನೋಡಿದರು. ನಾನು ಹೌದು ಎಂದೆ. ಪಕ್ಕದಲ್ಲಿದ್ದ ಒಬ್ಬರ ಕೈಯಲ್ಲಿ ಅಂದಿನ ಪತ್ರಿಕೆಯಿತ್ತು. ಬಸ್ಸಿನಲ್ಲಿ ಓದಿಕೊಂಡು ಬಂದಿದ್ದರು.

"ಪೇಪರಲ್ಲಿ ಅಂಗೇನೂ ಇಲ್ವಲ್ಲ ಸ್ವಾಮಿ" ಎಂದರು ಅವರು.

"ಬುಡಣ್ಣಯ್ಯ" ಎಂದರು ತಮ್ಮ, ಅಣ್ಣನ ಹೆಗಲ ಮೇಲೆ ಕೈಯಿಟ್ಟು. "ಚೆಂದಾಗಿ ಮಾಡಿದ್ದೀಯ. ಎತ್ತಿನ ಕೋಡು ಮಾತ್ರ ನಮ್ ಎತ್ತಿಂದೇ."

ಒಂದೂವರೆಯ ಬಸ್ಸಿಗೆ ಅವರೆಲ್ಲ ಹೋದರು. ಸ್ಟೆಬಿಲೈಸರ್ ಎರಡೂ ಕಾಲಿಗೆ ನಾಲ್ಕನೆಯ ಮೇಜಿಗೆ ಬಂತು.

ಫೆಬ್ರವರಿ ಎರಡನೇ ವಾರ, ಬೆಳಿಗ್ಗೆ, ಅವರ ಊರಿನ ಆ ದಾಟಿನಲ್ಲಿ ಕಬ್ಬಿನ ಗಾಡಿಯೊಂದರ ಹಿಂಭಾಗಕ್ಕೆ ರೈಲು ಬಡಿಯಿತು. ಎಡಗಡೆಯ ಎತ್ತು ಸತ್ತಿತು. ಗಾಡಿ ಹೊಡೆಯುತ್ತಿದ್ದವರ ಸೊಂಟದ ಮೂಳೆ ಮುರಿಯಿತು. ನಾನು ಕಳಿಸಿದ ಸುದ್ದಿ ನಾಲ್ಕು ಸಾಲು.

ಹತ್ತು ದಿನ ಬಿಟ್ಟು ಆ ಊರಿಗೆ ಹೋದೆ. ತಮ್ಮ ಆಸ್ಪತ್ರೆಯಿಂದ ಬಂದು ಜಗಲಿಯ ಮಂಚದ ಮೇಲಿದ್ದರು. ಸುತ್ತ ಊರಿನವರು ಕೂತಿದ್ದರು. ಏನಾಯಿತು ಎಂದು ಕೇಳಿದೆ.

"ಸುಣ್ಣ ಜಾಸ್ತಿ ಆಗೋಯ್ತು ಸ್ವಾಮಿ. ನಾಲ್ಗೆ ಸುಡ್ತದೆ ಅಂತ ಎಲೆ ಒರಸ್ಕಂಡು ಕೂತೆ. ಅಲ್ಲೇ ತಡ ಆಗಿದ್ದು."

"ಊಂ ಕಣಪ್ಪ" ಎಂದರು ಕೂತಿದ್ದ ಒಬ್ಬ ಹಿರಿಯರು. "ಎಲೆ ಎಲೆ ತರ ಹಾಕಿದ್ರೆ ಏನೂ ಆಗ್ತಿರ್ಲಿಲ್ಲ."

ಉಳಿದವರು ತಲೆಯಾಡಿಸಿದರು. ಅಣ್ಣ ಕಂಬಕ್ಕೆ ಒರಗಿ ಕೂತಿದ್ದರು. ಹೊರಡುವಾಗ ನನ್ನ ಜೊತೆ ರಸ್ತೆಯವರೆಗೆ ಬಂದು ಬಲಗಿವಿಯನ್ನು ನನ್ನ ಕಡೆ ಮಾಡಿದರು.

"ಹನ್ನೊಂದು ಸಲ ಅನ್ನೋದ್ನ ಬರೀಲೇ ಇಲ್ವಾ ಸ್ವಾಮಿ?"

"ಇಲ್ಲ" ಎಂದೆ.

"ಬುಡಿ" ಎಂದರು.

ಸಂಘದ ಪ್ರದರ್ಶನ ಮತ್ತೆ ನಡೆಯಲಿಲ್ಲ. ಕಾರ್ಯದರ್ಶಿ ಅಂಗಡಿಯನ್ನು ಮೈಸೂರಿಗೆ ಬದಲಾಯಿಸಿದರು. ಪಿರಿಯಾಪಟ್ಟಣದ ಮೇಷ್ಟ್ರು ತಮ್ಮ ನಿಲ್ದಾಣವನ್ನು ಶಾಲೆಗೆ ಕೊಟ್ಟರು ಎಂದು ಕೇಳಿದ್ದೇನೆ.

ನಾನು ಆ ಊರಿಗೆ ಕೊನೆಯ ಬಾರಿ ಹೋದದ್ದು 2003ರ ಡಿಸೆಂಬರಿನಲ್ಲಿ, ಬೇರೆ ಸುದ್ದಿಗೆ. ದಾಟಿಗೆ ಗೇಟ್ ಬಂದಿರಲಿಲ್ಲ. ತಮ್ಮ ಈಗ ಎತ್ತು ಮಾರಿ ಟ್ರ್ಯಾಕ್ಟರಿನಲ್ಲಿ ಕಬ್ಬು ಸಾಗಿಸುತ್ತಿದ್ದರು. ಟ್ರ್ಯಾಕ್ಟರು ಸೀಟಿಗೆ ಬೆದರುವುದಿಲ್ಲವಾದ್ದರಿಂದ ಎಲೆ ಮಡಿಚಲು ನಿಲ್ಲಿಸುವುದಿಲ್ಲ ಎಂದರು. ಇಂಜಿನ್ ಸದ್ದಿಗೆ ಸೇತುವೆಯ ಸೀಟಿ ಕೇಳಿಸುವುದಿಲ್ಲ ಎಂದೂ ಹೇಳಿದರು. ಟ್ರ್ಯಾಕ್ಟರ್ ಹೋಗುವ ಹೊತ್ತಿಗೆ ಅಣ್ಣ ದಿನಾ ಬೆಳಿಗ್ಗೆ ಒಂದು ಕೆಂಪು ಬಟ್ಟೆ ಹಿಡಿದು ದಾಟಿನ ಬಳಿ ನಿಲ್ಲುತ್ತಿದ್ದರು, ಹೊಳೆಯ ಕಡೆಗೆ ಬಲಗಿವಿ ಕೊಟ್ಟು.